ಹಿತ್ತಲು ಮೊದಲು, ಆಮೆ ಆಮೇಲೆ

ಗುಂಡಣ್ಣನನ್ನು ಕಾರಿನಿಂದ ಇಳಿಸಲು ಇಬ್ಬರು ಬೇಕಾಯಿತು. ಅಂದು ಅವನ ತೂಕ 31 ಕಿಲೋ. ಅವನು ಸುಲ್ಕಾಟಾ ಜಾತಿಯ ನೆಲದಾಮೆ. ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಪ್ರದೇಶ ಆ ಕುಲದ ತವರು. ದ್ವೀಪಗಳಲ್ಲಿ ಬದುಕುವ ಗಲಪಗೋಸ್ ಮತ್ತು ಅಲ್ಡಾಬ್ರಾ ದೈತ್ಯ ಆಮೆಗಳನ್ನು ಬಿಟ್ಟರೆ ಇಷ್ಟು ದೊಡ್ಡದಾಗಿ ಬೆಳೆಯುವ ನೆಲದಾಮೆ ಬೇರೆ ಇಲ್ಲ. ನಾವಿರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಅವನು ಬರುವ ಎಂಟು ತಿಂಗಳ ಮೊದಲೇ ನಮ್ಮ ಹಿತ್ತಲಿನ ಕೆಲಸ ಶುರುವಾಗಿತ್ತು.

ಮಗಳು ಮೊದಲು ಕೇಳಿದ್ದು ಹಸಿರು ಇಗುವಾನಾ. ನೋಡಲು ಸೊಗಸಾದ ಪ್ರಾಣಿ, ನಿಜ. ಆದರೆ ಅದು ಮಳೆಕಾಡಿನ ಮರಗಳ ಮೇಲೆ ಬದುಕುವ ಜೀವಿ. ಬಾಲ ಸೇರಿ ಐದಾರು ಅಡಿ ಬೆಳೆಯುತ್ತದೆ, ಕೋಣೆಯಷ್ಟು ಎತ್ತರದ ಗೂಡು ಬೇಕು, ಗಾಳಿಯಲ್ಲಿ ಸದಾ ತೇವ ಬೇಕು. ನಮ್ಮೂರಿನ ಗಾಳಿಗೆ ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಅರ್ಜೆಂಟೀನಾದ ಟೆಗು ಹಲ್ಲಿಯನ್ನೂ ಯೋಚಿಸಿದೆವು. ಅದಕ್ಕೆ ಮಾಂಸ, ಇಲಿ, ಮೊಟ್ಟೆ ಕೊಡಬೇಕು. ನಮ್ಮ ಸಸ್ಯಾಹಾರಿ ಅಡುಗೆಮನೆಯ ಫ್ರಿಜ್‌ನಲ್ಲಿ ಸತ್ತ ಇಲಿಗಳನ್ನು ಇಡಲು ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಆಗ ನಾನು ಪ್ರಶ್ನೆಯನ್ನೇ ತಿರುಗಿಸಿದೆ: ಈ ಬಿಸಿಲಿಗೆ, ಈ ಮಣ್ಣಿಗೆ, ನಾವು ದಿನವೂ ಕೊಡಬಲ್ಲ ಮೇವಿಗೆ ಯಾವ ಪ್ರಾಣಿ ಹೊಂದುತ್ತದೆ? ಒಣ ಬಿಸಿಲಿನ ನಾಡಿನದು, ಹುಲ್ಲು ತಿನ್ನುವಂಥದು. ಉತ್ತರ ಸುಲ್ಕಾಟಾ ಆಮೆಗೆ ಬಂದು ನಿಂತಿತು.

ಮರಿಯನ್ನು ಕೊಳ್ಳಬಾರದು ಎಂಬುದು ನನ್ನ ಎರಡನೆಯ ತೀರ್ಮಾನ. ಹೆಣ್ಣು ಸುಲ್ಕಾಟಾ ಒಂದು ಸಲಕ್ಕೆ 15ರಿಂದ 30 ಮೊಟ್ಟೆ ಇಡುತ್ತದೆ, ವರ್ಷಕ್ಕೆ ಹಲವು ಸಲ ಇಡಬಹುದು. ಹಾಗಾಗಿ ಮರಿಗಳು ಅಗ್ಗ. ಅಂಗೈಯಲ್ಲಿ ಹಿಡಿಸುವ ಮರಿಯನ್ನು ಜನ ಮುದ್ದಿಗೆ ಒಯ್ಯುತ್ತಾರೆ. ಹತ್ತು ವರ್ಷಗಳಲ್ಲಿ ಅದು ಬೇಲಿ ತಳ್ಳುವ ಬಂಡೆಯಾಗುತ್ತದೆ, ಆಗ ಬೇಡವಾಗುತ್ತದೆ. ಇಲ್ಲಿನ ಸರೀಸೃಪ ಆಶ್ರಯಧಾಮಗಳು ಅಂಥ ಆಮೆಗಳಿಂದ ತುಂಬಿವೆ. ಗುಂಡಣ್ಣನೂ ಹಾಗೆ ಬಂದವನು. ಆಗ ಅವನಿಗೆ ಸುಮಾರು ಹನ್ನೆರಡು ವರ್ಷ. ಅವನ ಚಿಪ್ಪಿನ ಒಂದೊಂದು ಫಲಕವೂ ಪುಟ್ಟ ಗೋಪುರದಂತೆ ಮೇಲೆದ್ದಿದೆ. ಎಳವೆಯಲ್ಲಿ ತೇವವಿಲ್ಲದ ಒಣ ಗಾಜಿನ ಪೆಟ್ಟಿಗೆಯಲ್ಲಿ ಬೆಳೆದುದರ ಗುರುತು ಅದು. ಮರುಭೂಮಿಯ ಅಂಚಿನ ಪ್ರಾಣಿಯಾದರೂ ಅದರ ಮರಿಗಳು ತೇವವಿರುವ ಬಿಲದಲ್ಲೇ ಬೆಳೆಯುತ್ತವೆ. ಆ ಗೋಪುರಗಳು ಇನ್ನು ಇಳಿಯುವುದಿಲ್ಲ. ಅವುಗಳ ಮೇಲೆ ಕೈಯಾಡಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಹಿತ್ತಲಿನ ಮಾತು. ಆಮೆಗಾಗಿ ಬಿಟ್ಟ ಜಾಗ 40 ಅಡಿ ಉದ್ದ, 30 ಅಡಿ ಅಗಲ. ಮೊದಲ ಕೆಲಸ ಕಣಗಿಲೆ ಗಿಡಗಳನ್ನು ಬೇರುಸಹಿತ ಕೀಳುವುದಾಗಿತ್ತು. ಬಿಸಿಲು ತಡೆಯುತ್ತದೆಂದು ಈ ಊರಿನಲ್ಲಿ ಕಣಗಿಲೆಯನ್ನು ಬೇಲಿಯುದ್ದಕ್ಕೂ ನೆಡುತ್ತಾರೆ. ಕರ್ನಾಟಕದಲ್ಲಿ ಶಿವನಿಗೆ ಏರಿಸುವ ಅದೇ ಹೂವಿನ ಗಿಡ, ಎಲೆಯಿಂದ ಬೇರಿನವರೆಗೆ ವಿಷ. ಒಂಬತ್ತು ಗಿಡಗಳನ್ನು ಕಿತ್ತು, ಉದುರಿದ ಎಲೆಗಳನ್ನು ಮಂಡಿಯೂರಿ ಕುಳಿತು ಹೆಕ್ಕಿದೆವು. ಇಲ್ಲಿ ಬರ್ಮುಡಾ ಹುಲ್ಲು ಎಂದು ಕರೆಯುವುದು ನಮ್ಮ ಗರಿಕೆಯೇ. ಅದನ್ನು ಹಿತ್ತಲಿನ ಮುಕ್ಕಾಲು ಭಾಗಕ್ಕೆ ಹಬ್ಬಿಸಿದೆವು. ಅಂಚಿಗೆ ಮುಳ್ಳು ಕಡಿಮೆಯ ಪಾಪಾಸುಕಳ್ಳಿ, ನೆರಳಿಗೆ ಹಿಪ್ಪುನೇರಳೆ, ನಡುವೆ ಎರಡು ದಾಸವಾಳ. ಅವನ ಊಟ ಬಹುಪಾಲು ಇಷ್ಟೇ: ಹುಲ್ಲು, ಒಣಹುಲ್ಲು, ಸೊಪ್ಪು, ಕಳ್ಳಿ.

ಸುತ್ತ ಕಾಂಕ್ರೀಟ್ ಇಟ್ಟಿಗೆಯ ಗೋಡೆ ಮೊದಲೇ ಇತ್ತು. ಬೀದಿಯ ಕಡೆಗೆ ಮಾತ್ರ ಕಬ್ಬಿಣದ ಸರಳಿನ ಗೇಟು. ಬಂದ ವಾರದಲ್ಲೇ ಗುಂಡಣ್ಣ ಸರಳುಗಳಾಚೆಯ ಬೀದಿಯನ್ನು ಕಂಡ. ದಿನವಿಡೀ ತಳ್ಳಿದ. ಹತ್ತನೆಯ ದಿನ ಕೆಳಗಿನ ತಿರುಗಣಿ ಬಾಗಿತು. ಗೇಟಿನ ಕೆಳಭಾಗಕ್ಕೆ ಎರಡೂವರೆ ಅಡಿ ಎತ್ತರದ ಹಲಗೆ ಬಡಿದೆ. ಎರಡು ದಿನ ಹಲಗೆಯ ಮುಂದೆ ನಿಂತು, ಆಮೇಲೆ ಅತ್ತ ಹೋಗುವುದನ್ನೇ ಬಿಟ್ಟ. ಆಚೆಗಿನದೆಲ್ಲ ಕಾಣುವಂಥ ತಂತಿಬೇಲಿಯನ್ನು ಈ ಆಮೆಗೆ ಹಾಕಲೇಬೇಡಿ. ಗೋಡೆಯ ಬುಡಕ್ಕೂ ಕಾವಲು ಬೇಕು, ಏಕೆಂದರೆ ಇವು ಹುಟ್ಟಾ ತೋಡುವ ಪ್ರಾಣಿಗಳು. ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಕಾಂಕ್ರೀಟ್ ಕಲ್ಲುಗಳನ್ನು ನೆಟ್ಟಗೆ ಹೂತಿದ್ದೇವೆ. ಈಜುಕೊಳಕ್ಕೆ ಪ್ರತ್ಯೇಕ ಬೇಲಿ ಹಾಕಿದೆವು. ನೆಲದಾಮೆಗೆ ಈಜು ಬರುವುದಿಲ್ಲ, ಬಿದ್ದರೆ ಮುಳುಗುತ್ತದೆ.

ಬೇಸಿಗೆಯ ಮನೆ ನೆಲದೊಳಗೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಬಿಸಿಲಿನಲ್ಲಿ ಮರದ ನೆರಳೊಂದೇ ಸಾಲದು. ಬಿಲವನ್ನು ಅವನೇ ತೋಡಿಕೊಳ್ಳಲಿ ಎಂದರೆ ಇಲ್ಲಿನ ಮಣ್ಣಿನಡಿ ಸುಣ್ಣ ಹೆಪ್ಪುಗಟ್ಟಿದ ಕಲ್ಲಿನಂಥ ಪದರವಿದೆ. ನಾವೇ ಗುದ್ದಲಿ, ಹಾರೆ ಹಿಡಿದು ಮೂರಡಿ ಆಳದ, ಹತ್ತಡಿ ಉದ್ದದ ಕಂದಕ ತೋಡಿದೆವು. ಬದಿಗೆ ಕಾಂಕ್ರೀಟ್ ಇಟ್ಟಿಗೆ, ಮೇಲೆ ದಪ್ಪ ಹಲಗೆ, ಅದರ ಮೇಲೆ ಎರಡಡಿ ಮಣ್ಣು. ಬಾಯಿಯನ್ನು ದಿಬ್ಬದ ಮೇಲೆ, ಉತ್ತರಕ್ಕೆ ಇಟ್ಟೆವು. ಇಲ್ಲಿಯೂ ಜುಲೈ, ಆಗಸ್ಟ್‌ನಲ್ಲಿ ಮಳೆಗಾಲವಿದೆ. ಅರ್ಧ ಗಂಟೆಯ ಮಳೆಗೆ ಹಿತ್ತಲು ಕೆರೆಯಾಗುತ್ತದೆ. ಹೊರಗೆ 46 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಬಿಲದೊಳಗೆ ಅಳೆದಾಗ 32 ಇತ್ತು. ಆ ದಿನ ನನಗಾದ ನೆಮ್ಮದಿಯನ್ನು ಹೇಳಲಾರೆ.

ಚಳಿಗಾಲದ ಗೂಡು ಬೇರೆ. ಸುಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯಲ್ಲ, ಅದಕ್ಕೆ ರಾತ್ರಿಯಿಡೀ ಕಾವು ಬೇಕು. 6 ಅಡಿಗೆ 4 ಅಡಿಯ ಪ್ಲೈವುಡ್ ಗೂಡು. ಎರಡು ಪದರ ಹಲಗೆಯ ನಡುವೆ ಎರಡಂಗುಲ ಫೋಮ್. ಒಳಪದರ ಇಲ್ಲದಿದ್ದರೆ ಫೋಮನ್ನೇ ಕಿತ್ತು ತಿನ್ನುತ್ತಾನೆ. ಬಾಗಿಲಿಗೆ ಶೀತಲಗೃಹಗಳಲ್ಲಿರುವಂಥ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಒಳಗೆ ಅಡ್ಡಪಟ್ಟಿಯ ಹಿಂದೆ ಎಣ್ಣೆ ತುಂಬಿದ ಹೀಟರ್. ಥರ್ಮೋಸ್ಟಾಟ್ 27 ಡಿಗ್ರಿಗೆ.

ಮೊದಲ ಜನವರಿಯಲ್ಲಿ ನಾನು ತಪ್ಪಿದೆ. ಒಂದು ರಾತ್ರಿ ಹೀಟರಿನ ವಿದ್ಯುತ್ ಟ್ರಿಪ್ ಆಗಿತ್ತು. ಬೆಳಿಗ್ಗೆ ಹೊರಗೆ 4 ಡಿಗ್ರಿ, ಗೂಡೂ ತಣ್ಣಗಿತ್ತು. ಎರಡು ದಿನಗಳಲ್ಲಿ ಅವನ ಮೂಗಿನಲ್ಲಿ ಗುಳ್ಳೆ ಕಂಡಿತು, ಬಾಯಿ ತೆರೆದು ಉಸಿರಾಡತೊಡಗಿದ. ಸರೀಸೃಪ ಬಲ್ಲ ವೈದ್ಯೆ ಎಕ್ಸ್‌ರೇ ತೆಗೆದು ಶ್ವಾಸಕೋಶದ ಸೋಂಕು ಎಂದರು. ಮೂರು ದಿನಕ್ಕೊಂದು ಚುಚ್ಚುಮದ್ದು ಮನೆಯಲ್ಲೇ ಕೊಡಲು ಕಲಿಸಿದರು. ಸದಾ ಮುಂಗಾಲಿಗೇ ಕೊಡಬೇಕು, ಏಕೆಂದರೆ ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುತ್ತದೆ. ನಾನು ಸೂಜಿ ಹಿಡಿದಾಗ ಅವನು ಕಾಲನ್ನು ಒಳಗೆಳೆದುಕೊಂಡು ಬಾಗಿಲು ಮುಚ್ಚಿದಂತೆ ಕುಳಿತುಬಿಡುತ್ತಿದ್ದ. ಮಗಳು ದಾಸವಾಳ ತೋರಿಸಿದರೆ ಮಾತ್ರ ಚಾಚುತ್ತಿದ್ದ. ಈಗ ಗೂಡಿನೊಳಗಿನ ಸಂವೇದಕ 20 ಡಿಗ್ರಿಗಿಂತ ಇಳಿದರೆ ನನ್ನ ಮೊಬೈಲ್ ಕೂಗುತ್ತದೆ.

ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ "ಪಾಪ, ಬರೀ ಹುಲ್ಲು ತಿಂದುಕೊಂಡು ಹೇಗಿರುತ್ತಾನೆ" ಎಂದು ನನಗೆ ಕಾಣದಂತೆ ಬಾಳೆಹಣ್ಣು, ಚಪಾತಿ ಹಾಕಿದರು. ನಾಲ್ಕು ದಿನ ಭೇದಿ. ಆಮೇಲೆ ಅವರೇ ದಿನವೂ ಗರಿಕೆ ಬಿಡಿಸಿ ಎರಡು ಪಾಲು ಮಾಡುತ್ತಿದ್ದರು: ಒಂದು ಗಣಪತಿಗೆ, ಒಂದು ಗುಂಡಣ್ಣನಿಗೆ. ಅವನನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ನಿಯಮ ಎಲ್ಲರಿಗೂ ಇದೆ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಈ ಜಾತಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನನಗೀಗ ನಲವತ್ತೇಳು. ಉಯಿಲಿನಲ್ಲಿ ಅವನ ಹೆಸರಿದೆ, ಅವನನ್ನು ನೋಡಿಕೊಳ್ಳಲು ಒಪ್ಪಿದ ಮಗಳ ಸಹಿಯೂ ಇದೆ.

ಕಳೆದ ತಿಂಗಳು ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಇಲ್ಲಿ ಯಾರೋ ಆಮೆ ಮರಿ ಕೊಡುತ್ತಾರಂತೆ, ತರಲೇ?" ಯಾವ ಆಮೆ ಎಂದು ಕೇಳಿದೆ. ನಕ್ಷತ್ರ ಆಮೆಯಾದರೆ ಅದು ನಮ್ಮ ಕಾಡಿನ ಪ್ರಾಣಿ, 1972ರ ವನ್ಯಜೀವಿ ಕಾಯ್ದೆಯಡಿ ಮನೆಯಲ್ಲಿ ಇಡುವುದೇ ಅಪರಾಧ. ಸುಲ್ಕಾಟಾ ಎಂದ. ಅದಾದರೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು, ಮಾರುವವರ ಬಳಿ ಆ ಕಾಗದ ಇದೆಯೇ ಕೇಳು ಎಂದೆ. ಆಮೇಲೆ, ಅದನ್ನು ಇಡುವ ಜಾಗದ ಅಳತೆ ಕಳುಹಿಸು ಎಂದೆ.

ಸಂಜೆ ಸಂದೇಶ ಬಂತು. ನಾಲ್ಕನೆಯ ಮಹಡಿಯ ಬಾಲ್ಕನಿ, 9 ಅಡಿಗೆ 4 ಅಡಿ. ನಾನು ಗುಂಡಣ್ಣ ತನ್ನ ಚಳಿಗಾಲದ ಗೂಡಿನಲ್ಲಿ ಮಲಗಿದ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಚಾಚಿಟ್ಟು ಕಳುಹಿಸಿದೆ. ಅವನು ಮರಿ ತರಲಿಲ್ಲ. ಡಿಸೆಂಬರ್ ರಜೆಗೆ ಇಲ್ಲಿಗೇ ಬರುತ್ತಾನಂತೆ, ಗೂಡಿನ ಫೋಮ್ ಬದಲಿಸುವ ಕೆಲಸವನ್ನು ಅವನಿಗಾಗಿ ಉಳಿಸಿದ್ದೇನೆ.