ಹಳೆ ವಿಟೆಕ್‌ಗೆ ದೊಡ್ಡ ಬ್ರೇಕ್ ಬೇಕಾ?
ಹಳೆ ಹೋಂಡಾ ಸಿಟಿ ವಿಟೆಕ್ ಇಟ್ಕೊಂಡವ್ರು ಕೇಳುದು ಒಂದೇ, ದೊಡ್ಡ ಡಿಸ್ಕ್ ಹಾಕ್ಲಿಕ್ಕೆ ಆಗ್ತದಾ ಅಂತ. ಮೊದ್ಲು ಇದ್ದದ್ದು ಸರಿ ಉಂಟಾ ನೋಡಿ ಮಾರಾಯ್ರೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬರುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತದೆ ಅಂತಾದ್ರೆ ಹೆಚ್ಚಾಗಿ ಬ್ರೇಕ್ ಫ್ಲೂಯಿಡ್ (ಬ್ರೇಕಿನ ಎಣ್ಣೆ) ಕುದ್ದದ್ದು, ಪೆಡಲ್ ಗಟ್ಟಿ ಉಂಟು ಆದ್ರೆ ಗಾಡಿ ನಿಲ್ಲುದಿಲ್ಲ ಅಂದ್ರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಬಿಸಿಯಾಗಿ ಹಿಡಿತ ಬಿಟ್ಟದ್ದು, ಎರಡಕ್ಕೂ ಮದ್ದು ಬೇರೆ. ಡಾಟ್ 4 ಅನ್ನುವ ಫ್ಲೂಯಿಡ್ ಹೊಸತಿರುವಾಗ ಕಡಿಮೆ ಅಂದ್ರೂ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯದೆ ತಡೀತದೆ, ನೀರು ಹೀರಿದ್ರೆ 155ರ ಹತ್ರ ಬರ್ಬಹುದು, ನಮ್ಮ ಮಳೆಗಾಲ ಗೊತ್ತುಂಟಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕಾನ್, ಅದನ್ನು ಬೆರೆಸ್ಲೇಬೇಡಿ.

ಡಿಸ್ಕಿನ ಅಂಚಿಗೆ ಉಗುರು ಎಳೀರಿ, ಮೆಟ್ಟಿಲು ಸಿಕ್ಕಿದ್ರೆ ಸವೆದಿದೆ ಅಂತ. ಮಿನಿಮಮ್ ದಪ್ಪ ಡಿಸ್ಕಲ್ಲೇ ಬರ್ದಿರ್ತದೆ, ಮೈಕ್ರೋಮೀಟರಲ್ಲಿ ಅಳೆಸಿ. ಕಡಲ ಗಾಳಿಗೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ತುಕ್ಕು ಹಿಡಿದು ಜಾಮ್ ಆಗ್ತದೆ, ಅದನ್ನೂ ಬಿಚ್ಚಿಸಿ ಗ್ರೀಸ್ ಹಾಕ್ಸಿ. ಪ್ಯಾಡ್ ರೋಡಿಗೆ ಮಾಡಿದ್ದೇ ತಗೊಳ್ಳಿ, ಟ್ರ್ಯಾಕ್ ಪ್ಯಾಡ್ ತಣ್ಣಗಿರುವಾಗ ಸರಿ ಹಿಡಿಯುದಿಲ್ಲ, ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್ಕಲ್ಲಿ ಎಂತಕ್ಕೆ ಅದು? ತೂತು ಕೊರೆದ ಡಿಸ್ಕೂ ಬರೀ ಚಂದಕ್ಕೆ. ಅಷ್ಟಾಗಿಯೂ ದೊಡ್ಡ ಕ್ಯಾಲಿಪರ್ ಬೇಕೇ ಅಂದ್ರೆ ಅಲಾಯ್ ಚಕ್ರದ ಒಳಗೆ ಜಾಗ ಉಂಟಾ, ಪೆಡಲ್ ಒತ್ತಿದಾಗ ಫ್ಲೂಯಿಡ್ ದೂಡುವ ಮಾಸ್ಟರ್ ಸಿಲಿಂಡರ್ ಸಾಲ್ತದಾ ನೋಡ್ಕೊಂಡು ಆಮೇಲೆ ದುಡ್ಡು ಕೊಡಿ.