ಹೆಸರಿಗಿಂತ ಮೊದಲು ಆಧಾರ: ಅಸಾಮಾನ್ಯ ಮನೋವಿಜ್ಞಾನವನ್ನು ಓದಲು ತೊಡಗುವ ಬಗೆ

ಅಸಾಮಾನ್ಯ ಮನೋವಿಜ್ಞಾನವನ್ನು ಹೊಸದಾಗಿ ಓದುವವರಲ್ಲಿ ಹೆಚ್ಚಿನವರು ಪಠ್ಯಪುಸ್ತಕವನ್ನು ನಡುವಿನಿಂದ ತೆರೆಯುತ್ತಾರೆ. ಆತಂಕ, ಖಿನ್ನತೆ, ಸ್ಕಿಜೋಫ್ರೇನಿಯಾ ಎಂಬ ಅಧ್ಯಾಯಗಳೇ ಮೊದಲು ಕಣ್ಣು ಸೆಳೆಯುತ್ತವೆ, ಮತ್ತು ಲಕ್ಷಣಗಳ ಪಟ್ಟಿಯನ್ನು ಓದುತ್ತ ಹೋದಂತೆ ಅವೆಲ್ಲ ತಮ್ಮಲ್ಲೂ ತಮ್ಮ ಮನೆಯವರಲ್ಲೂ ಇರುವಂತೆ ತೋರತೊಡಗುತ್ತವೆ. ಹೀಗಾಗದಂತೆ ನೋಡಿಕೊಳ್ಳಲು ಇರುವ ದಾರಿ ಒಂದೇ: ಪುಸ್ತಕದ ಮೊದಲಲ್ಲಿ ಬರುವ, ಬಹಳ ಮಂದಿ ಹಾರಿಸಿಬಿಡುವ ವ್ಯಾಖ್ಯೆ, ಇತಿಹಾಸ, ಮೌಲ್ಯಮಾಪನ, ಸಂಶೋಧನಾ ವಿಧಾನಗಳ ಅಧ್ಯಾಯಗಳನ್ನು ನಿಧಾನವಾಗಿ ಓದುವುದು. ಈ ಶಾಸ್ತ್ರದ ಜೀವ ಇರುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ. ಓದುವಾಗ ಒಂದು ಪ್ರಶ್ನೆಯನ್ನು ಮಾತ್ರ ಬಿಡದೆ ಹಿಡಿದುಕೊಳ್ಳಿ: ಇದು ಹೀಗೆಂದು ಗೊತ್ತಾದದ್ದು ಹೇಗೆ?

ಮೊದಲು ‘ಅಸಾಮಾನ್ಯ’ ಎಂಬ ಮಾತನ್ನೇ ಪರೀಕ್ಷೆಗೆ ಒಡ್ಡಬೇಕು. ಸಾಮಾನ್ಯವಾಗಿ ನಾಲ್ಕು ಅಳತೆಗೋಲುಗಳನ್ನು ಹೇಳುತ್ತಾರೆ: ವರ್ತನೆ ರೂಢಿಯಿಂದ ದೂರ ಸರಿದಿರುವುದು, ವ್ಯಕ್ತಿಗೆ ಸಂಕಟವಾಗುತ್ತಿರುವುದು, ದಿನನಿತ್ಯದ ಬದುಕು ಕುಂಠಿತವಾಗಿರುವುದು, ತನಗೋ ಇತರರಿಗೋ ಅಪಾಯವಿರುವುದು. ಟಿಪ್ಪಣಿ ಪುಸ್ತಕದಲ್ಲಿ ಇವಕ್ಕೆ ನಾಲ್ಕು ಕಂಬಸಾಲುಗಳನ್ನು ಎಳೆದು, ನೀವೇ ಕಲ್ಪಿಸಿಕೊಂಡ ಕೆಲವು ಸನ್ನಿವೇಶಗಳನ್ನು ಎದುರಿಗೆ ಬರೆದು ಗುರುತು ಹಾಕಿ ನೋಡಿ. ಆಪ್ತರನ್ನು ಕಳೆದುಕೊಂಡು ಮೂರು ವಾರಗಳಿಂದ ನಿದ್ದೆಯಿಲ್ಲದೆ ಅಳುತ್ತಿರುವವರಿಗೆ ಸಂಕಟ ಅಪಾರವಾಗಿದೆ, ಆದರೆ ಅದು ರೂಢಿಗೆ ಹೊರತಾದದ್ದಲ್ಲ. ವಾರವಿಡೀ ಮಲಗದೆ, ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು, ಒಂದರ ಮೇಲೊಂದು ಭಾರಿ ಯೋಜನೆ ಹಾಕುತ್ತಿರುವವರಿಗೆ ಸಂಕಟವೆಂಬುದೇ ಇಲ್ಲ, ಅವರು ಉಲ್ಲಾಸದಲ್ಲಿದ್ದಾರೆ. ಆದರೂ ಬದುಕು ಕುಸಿಯುತ್ತಿದೆ. ಯಾವೊಂದು ಅಳತೆಗೋಲೂ ತಾನೊಂದೇ ಸಾಲದು ಎಂಬುದು ನಾಲ್ಕೈದು ಸನ್ನಿವೇಶಗಳನ್ನು ತುಂಬಿಸುವಷ್ಟರಲ್ಲಿ ಕೈಗೆ ತಿಳಿಯುತ್ತದೆ.

ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿ ಓದಬೇಡಿ. ಮನಸ್ಸಿನ ತೊಂದರೆಗೆ ಕಾರಣ ಯಾವುದು ಎಂಬುದಕ್ಕೆ ಮೂರು ಬಗೆಯ ಉತ್ತರಗಳು ಬಂದಿವೆ: ದೈವ ಅಥವಾ ದೆವ್ವ, ದೇಹ, ಮನಸ್ಸು ಮತ್ತು ಅನುಭವ. ಇವು ಒಂದಾದ ಮೇಲೊಂದು ಬಂದ ಮೆಟ್ಟಿಲುಗಳಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಸ್‌ನಲ್ಲೇ ಹಿಪೊಕ್ರೆಟಿಸ್ ಮತ್ತು ಅವನ ಪರಂಪರೆಯ ವೈದ್ಯರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಏರುಪೇರಿನಿಂದ ರೋಗಗಳನ್ನು ವಿವರಿಸಿದ್ದರು. ತೀವ್ರ ವಿಷಾದಕ್ಕೆ ಇಟ್ಟ ‘ಮೆಲಂಕೋಲಿಯಾ’ ಎಂಬ ಪದದ ಅರ್ಥವೇ ಕಪ್ಪು ಪಿತ್ತ. ವಿವರಣೆ ತಪ್ಪಾಗಿತ್ತು, ಆದರೆ ಕಾರಣವನ್ನು ದೇಹದಲ್ಲಿ ಹುಡುಕಬೇಕೆಂಬ ನಿಲುವು ಆಗಲೇ ಇತ್ತು.

ಇತಿಹಾಸದಲ್ಲಿ ಬರುವ ವೀರಗಾಥೆಗಳ ಬಗ್ಗೆಯೂ ಎಚ್ಚರವಿರಲಿ. ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಗೆ 1793ರಲ್ಲಿ ಬಂದ ವೈದ್ಯ ಫಿಲಿಪ್ ಪಿನೆಲ್ ರೋಗಿಗಳ ಸರಪಳಿ ಬಿಚ್ಚಿಸಿದನೆಂಬ ದೃಶ್ಯವನ್ನು ಚಿತ್ರಕಾರರು ಬಿಡಿಸಿದ್ದಾರೆ, ಪಠ್ಯಪುಸ್ತಕಗಳು ಮತ್ತೆ ಮತ್ತೆ ಹೇಳಿವೆ. ದಾಖಲೆಗಳ ಪ್ರಕಾರ ಅಲ್ಲಿ ಸರಪಳಿಯನ್ನು ನಿಲ್ಲಿಸಿದ್ದು ಆಸ್ಪತ್ರೆಯ ಮೇಲ್ವಿಚಾರಕ ಝಾಂ ಬಾಪ್ತಿಸ್ತ್ ಪುಸ್ಸಾಂ, 1797ರಲ್ಲಿ. ಅಷ್ಟರಲ್ಲಿ ಪಿನೆಲ್ ಸಾಲ್‌ಪೆತ್ರಿಯೇರ್ ಆಸ್ಪತ್ರೆಗೆ ಹೋಗಿ ಎರಡು ವರ್ಷವಾಗಿತ್ತು. ಪುಸ್ಸಾಂ ಹಿಂದೊಮ್ಮೆ ಅದೇ ಬಿಸೇತ್ರ್‌ನಲ್ಲಿ ಗಂಡಮಾಲೆ ರೋಗಕ್ಕೆ ಚಿಕಿತ್ಸೆ ಪಡೆದಿದ್ದವನು. ಇದರಿಂದ ಪಿನೆಲ್‌ನ ಹಿರಿಮೆಯೇನೂ ಕುಂದುವುದಿಲ್ಲ, ರೋಗಿಗಳ ಜತೆ ಕುಳಿತು ಮಾತಾಡಿ, ನೋಡಿದ್ದನ್ನು ಬರೆದಿಡುವ ಪದ್ಧತಿಗೆ ಅವನು ಕೊಟ್ಟದ್ದು ಬಹಳ. ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟೇ ಜಾಗ್ರತೆಯಿಂದ ಅದರ ಆಧಾರ ಕೇಳಬೇಕು, ಅಷ್ಟೆ.

ಈ ಇತಿಹಾಸದಲ್ಲಿ ಒಂದೇ ಒಂದು ಪ್ರಕರಣವನ್ನು ಆಳವಾಗಿ ಓದಲು ಸಮಯವಿದ್ದರೆ ಜನರಲ್ ಪರೆಸಿಸ್ ಎಂಬ ಕಾಯಿಲೆಯದನ್ನು ಆರಿಸಿಕೊಳ್ಳಿ. 19ನೆಯ ಶತಮಾನದ ಮಾನಸಿಕ ಆಸ್ಪತ್ರೆಗಳಲ್ಲಿ ಈ ರೋಗಿಗಳು ಎಲ್ಲೆಡೆ ಇದ್ದರು: ತಾನೇ ದೊರೆ, ತಾನೇ ಕೋಟ್ಯಧಿಪತಿ ಎಂಬ ಭ್ರಮೆ, ಕ್ರಮೇಣ ಬುದ್ಧಿಭ್ರಂಶ, ಪಾರ್ಶ್ವವಾಯು, ಕೆಲವೇ ವರ್ಷಗಳಲ್ಲಿ ಸಾವು. 1822ರಲ್ಲಿ ಫ್ರಾನ್ಸಿನ ಬೇಲ್ ಎಂಬ ವೈದ್ಯ ಮರಣೋತ್ತರ ಪರೀಕ್ಷೆಯಲ್ಲಿ ಇವರ ಮಿದುಳಿನ ಪೊರೆಗಳು ಉರಿಯೂತಕ್ಕೊಳಗಾಗಿದ್ದನ್ನು ಕಂಡು, ಇದೊಂದು ಪ್ರತ್ಯೇಕ ಕಾಯಿಲೆ ಎಂದು ವಾದಿಸಿದ. ಸಿಫಿಲಿಸ್‌ಗೂ ಇದಕ್ಕೂ ನಂಟಿದೆಯೆಂಬ ಗುಮಾನಿ ಹುಟ್ಟಿ ದಶಕಗಳ ಕಾಲ ಗುಮಾನಿಯಾಗಿಯೇ ಉಳಿಯಿತು. 1905ರಲ್ಲಿ ಸಿಫಿಲಿಸ್‌ನ ರೋಗಾಣು ಪತ್ತೆಯಾಯಿತು. 1913ರಲ್ಲಿ ನೊಗುಚಿ ಮತ್ತು ಮೂರ್ ಅದೇ ರೋಗಾಣುವನ್ನು ಪರೆಸಿಸ್ ರೋಗಿಗಳ ಮಿದುಳಿನಲ್ಲಿ ತೋರಿಸಿದರು. ರೋಗಿಗಳಿಗೆ ಮಲೇರಿಯಾ ಜ್ವರ ಬರಿಸಿ ಚಿಕಿತ್ಸೆ ಮಾಡುವ ವಿಧಾನವನ್ನು 1917ರಲ್ಲಿ ಆರಂಭಿಸಿದ ವಾಗ್ನರ್ ಯೌರೆಗ್‌ಗೆ 1927ರಲ್ಲಿ ನೊಬೆಲ್ ಬಂತು, ಮತ್ತು 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಕಾಯಿಲೆಯೇ ಅಪರೂಪವಾಯಿತು. ಲಕ್ಷಣಗಳ ಗುಂಪು, ಪ್ರತ್ಯೇಕ ಕಾಯಿಲೆಯೆಂಬ ವಾದ, ಕಾರಣದ ಗುಮಾನಿ, ಪುರಾವೆ, ಚಿಕಿತ್ಸೆ ಎಂಬ ಐದೂ ಹಂತಗಳು ಇಲ್ಲಿ ಪೂರ್ಣವಾಗಿವೆ. ಮುಂದೆ ಯಾವುದೇ ಮನೋರೋಗದ ಬಗ್ಗೆ ಓದುವಾಗ, ಅದು ಇವುಗಳಲ್ಲಿ ಎಷ್ಟನೆಯ ಹಂತದಲ್ಲಿದೆ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಹೆಚ್ಚಿನವು ಇನ್ನೂ ಮೂರನೆಯದರ ಆಸುಪಾಸಿನಲ್ಲಿವೆ.

ಇದಕ್ಕೆ ಎದುರಾದ ಉದಾಹರಣೆಯನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಓಡುವುದನ್ನೇ ಒಂದು ಮಾನಸಿಕ ಕಾಯಿಲೆಯೆಂದು ಕರೆದು ‘ಡ್ರೇಪೆಟೊಮೇನಿಯಾ’ ಎಂಬ ಹೆಸರಿಟ್ಟ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಿಂದ ತೆಗೆಯಲು ತೀರ್ಮಾನಿಸಿದ್ದು 1973ರಲ್ಲಿ. ಹೆಸರಿಡುವ ಅಧಿಕಾರದಿಂದ ಎಷ್ಟು ಜನರ ಬದುಕು ನೊಂದಿತು ಎಂಬುದನ್ನು ಮರೆತು ಈ ಶಾಸ್ತ್ರವನ್ನು ಓದಲು ಬರುವುದಿಲ್ಲ.

ಮೌಲ್ಯಮಾಪನಕ್ಕೆ ಬರೋಣ. ಸಂದರ್ಶನ, ಮಾನಸಿಕ ಸ್ಥಿತಿಯ ಪರೀಕ್ಷೆ, ಪ್ರಶ್ನಾವಳಿಗಳು, ನೇರ ವೀಕ್ಷಣೆ, ದೈಹಿಕ ತಪಾಸಣೆ ಇವು ಅದರ ಸಾಧನಗಳು. ಕೊನೆಯದನ್ನು ಮರೆಯಬಾರದು: ಥೈರಾಯಿಡ್ ಗ್ರಂಥಿಯ ಕೊರತೆಯೂ ಸುಸ್ತು, ಮಂಕುತನ, ನಿರುತ್ಸಾಹಗಳನ್ನು ತಂದು ಖಿನ್ನತೆಯಂತೆಯೇ ಕಾಣುತ್ತದೆ. ಯಾವ ಸಾಧನವಾದರೂ ಎರಡು ಗುಣಗಳನ್ನು ವಿಚಾರಿಸಿ. ವಿಶ್ವಸನೀಯತೆಯೆಂದರೆ ಬೇರೆ ಬೇರೆ ಪರೀಕ್ಷಕರು, ಬೇರೆ ಬೇರೆ ದಿನಗಳಲ್ಲಿ ಅಳೆದರೂ ಫಲಿತಾಂಶ ಒಂದೇ ತೆರನಾಗಿರುವುದು. ಸಿಂಧುತ್ವವೆಂದರೆ ಅಳೆಯುತ್ತೇವೆಂದು ಹೇಳಿದ್ದನ್ನೇ ಅಳೆಯುವುದು. 1960ರ ದಶಕದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳು ಲಂಡನ್ನಿನವುಗಳಿಗಿಂತ ಬಹಳ ಹೆಚ್ಚು ರೋಗಿಗಳಿಗೆ ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಿದ್ದವು. ಸಂಶೋಧಕರು ಎರಡೂ ಕಡೆ ಒಂದೇ ಕ್ರಮದ ಸಂದರ್ಶನವನ್ನು ಬಳಸಿದಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಬೇರೆಯಾಗಿದ್ದದ್ದು ರೋಗಿಗಳಲ್ಲ, ವೈದ್ಯರ ರೂಢಿ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ, 1980ರಲ್ಲಿ ಬಂದ ಮೂರನೆಯ ಆವೃತ್ತಿ ಲಕ್ಷಣಗಳನ್ನು ಎಣಿಸಿ ಹೇಳುವ ಮಾನದಂಡಗಳನ್ನು ತಂದದ್ದು ಇಂಥ ಗೊಂದಲಕ್ಕೆ ಪರಿಹಾರವಾಗಿ.

ಎಣಿಕೆಯಿಂದ ವಿಶ್ವಸನೀಯತೆ ಹೆಚ್ಚಬಹುದು, ಸಿಂಧುತ್ವ ತಾನಾಗಿ ಬರುವುದಿಲ್ಲ. ಇದನ್ನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿಯೇ ನೋಡಬೇಕು. ಡಿಎಸ್‌ಎಂ ಪ್ರಕಾರ ತೀವ್ರ ಖಿನ್ನತೆಗೆ ಎರಡು ವಾರಗಳ ಅವಧಿಯಲ್ಲಿ ಒಂಬತ್ತು ಲಕ್ಷಣಗಳ ಪೈಕಿ ಕನಿಷ್ಠ ಐದು ಇರಬೇಕು, ಮತ್ತು ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸು ಅಥವಾ ಆಸಕ್ತಿಯ ನಾಶ ಆಗಿರಲೇಬೇಕು. ಒಂಬತ್ತರಲ್ಲಿ ಐದು ಅಥವಾ ಹೆಚ್ಚನ್ನು ಆರಿಸುವ ಬಗೆಗಳು 256. ಆ ಎರಡು ಮುಖ್ಯ ಲಕ್ಷಣಗಳೂ ಇಲ್ಲದ 29 ಬಗೆಗಳನ್ನು ಕಳೆದರೆ ಉಳಿಯುವುದು 227. ಅಂದರೆ ಒಂದೇ ಹೆಸರಿನ ರೋಗಕ್ಕೆ 227 ಮುಖಗಳು. ಒಂದೇ ಒಂದು ಲಕ್ಷಣವನ್ನು ಮಾತ್ರ ಹಂಚಿಕೊಂಡ ಇಬ್ಬರಿಗೂ ಅದೇ ಹೆಸರು ಬೀಳಬಹುದು.

ಪ್ರಶ್ನಾವಳಿಯ ಅಂಕವನ್ನು ಓದುವಾಗ ಇನ್ನೊಂದು ಲೆಕ್ಕ ಬೇಕಾಗುತ್ತದೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತದೆ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಂಥ ಅಂಕ ಸೋಸುವ ಜರಡಿಯೇ ಹೊರತು ರೋಗನಿರ್ಣಯವಲ್ಲ. ಕಾರಣ ತಿಳಿಯಲು ಒಂದು ಕಾಲ್ಪನಿಕ ಪರೀಕ್ಷೆಯನ್ನು ತೆಗೆದುಕೊಳ್ಳಿ: ರೋಗವಿರುವ ನೂರರಲ್ಲಿ 90 ಜನರನ್ನು ಅದು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಸಾವಿರ ಜನರಲ್ಲಿ 20 ಮಂದಿಗೆ ಮಾತ್ರ ರೋಗವಿದೆಯೆನ್ನೋಣ. ಅವರಲ್ಲಿ 18 ಜನ ಸಿಗುತ್ತಾರೆ. ರೋಗವಿಲ್ಲದ 980 ಜನರಲ್ಲಿ 98 ಮಂದಿಯೂ ಸುಮ್ಮನೆ ಸಿಕ್ಕಿಬೀಳುತ್ತಾರೆ. ಪರೀಕ್ಷೆ ‘ಇದೆ’ ಎಂದ 116 ಜನರಲ್ಲಿ ನಿಜಕ್ಕೂ ರೋಗವಿರುವವರು 18, ಆರರಲ್ಲಿ ಒಬ್ಬರೂ ಅಲ್ಲ. ಗೆಳೆಯರ ಮೇಲೆ ಪ್ರಶ್ನಾವಳಿ ಪ್ರಯೋಗಿಸಿ ಹೆಸರು ಹಚ್ಚಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ನೋಡಿದವರಿಗೆ ಏನು ಕಾಣುತ್ತದೆಂದು ಕೇಳುವ, 1921ರಲ್ಲಿ ಪ್ರಕಟವಾದ ರೋರ್ಶಾಕ್‌ನ ಹತ್ತು ಶಾಯಿಕಲೆಗಳೂ ವ್ಯಕ್ತಿತ್ವವನ್ನು ಅಳೆಯುವ 1943ರ ಎಂಎಂಪಿಐ ಪ್ರಶ್ನಾವಳಿಯೂ ಎಲ್ಲ ಪಠ್ಯಗಳಲ್ಲಿ ಬರುತ್ತವೆ. ಎಂಎಂಪಿಐಯಲ್ಲಿ ಗಮನಿಸಬೇಕಾದದ್ದು ರೋಗದ ಮಾಪಕಗಳಿಗಿಂತ ಹೆಚ್ಚಾಗಿ, ಉತ್ತರಿಸುವವರು ತಮ್ಮನ್ನು ಅತಿ ಒಳ್ಳೆಯವರೆಂದೋ ಅತಿ ಅಸ್ವಸ್ಥರೆಂದೋ ತೋರಿಸಿಕೊಳ್ಳುತ್ತಿದ್ದಾರೆಯೇ ಎಂದು ಪತ್ತೆ ಮಾಡಲು ಅದರಲ್ಲೇ ಅಳವಡಿಸಿದ ಮಾಪಕಗಳು.

ಸಂಶೋಧನಾ ವಿಧಾನಗಳಿಗೆ ಒಳ್ಳೆಯ ಪ್ರವೇಶ 1784ರ ಒಂದು ತೋಟದಲ್ಲಿದೆ. ಜೀವಿಗಳಲ್ಲಿ ಹರಿಯುವ ಅದೃಶ್ಯ ಶಕ್ತಿಯಿಂದ ರೋಗ ವಾಸಿಮಾಡುತ್ತೇನೆಂದ ಮೆಸ್ಮರ್ ಎಂಬ ವೈದ್ಯನ ‘ಪ್ರಾಣಿ ಕಾಂತಶಕ್ತಿ’ಯ ಚಿಕಿತ್ಸೆ ನಿಜವೇ ಎಂದು ತಿಳಿಯಲು ಫ್ರಾನ್ಸಿನ ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೇ ಮೊದಲಾದವರಿದ್ದರು. ಪಾಸ್ಸಿಯಲ್ಲಿದ್ದ ಫ್ರಾಂಕ್ಲಿನ್‌ನ ತೋಟದಲ್ಲಿ ಮೆಸ್ಮರ್‌ನ ಶಿಷ್ಯ ಒಂದು ಮರಕ್ಕೆ ‘ಕಾಂತಶಕ್ತಿ’ ತುಂಬಿದ. ಆ ಶಕ್ತಿಗೆ ಬೇಗ ಸ್ಪಂದಿಸುತ್ತಾನೆಂದು ಆತನೇ ಆರಿಸಿ ತಂದ ಹುಡುಗನೊಬ್ಬನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರದ ಬಳಿಗೆ ಕರೆದೊಯ್ದರು. ಹುಡುಗ ಬೆವರಿದ, ಕೆಮ್ಮಿದ, ನಾಲ್ಕನೆಯ ಮರದ ಬಳಿ ಮೂರ್ಛೆ ಹೋದ. ಅದು ಶಕ್ತಿ ತುಂಬಿದ ಮರವಾಗಿರಲಿಲ್ಲ. ಮೂರ್ಛೆ ನಟನೆಯಲ್ಲ, ಆದರೆ ಅದಕ್ಕೆ ಕಾರಣ ಮರವೂ ಅಲ್ಲ, ನಿರೀಕ್ಷೆ. ಇಂದಿನ ಔಷಧ ಪ್ರಯೋಗಗಳಲ್ಲಿ ಹುಸಿಮಾತ್ರೆಯ ಗುಂಪು ಇರುವುದು, ಯಾರಿಗೆ ಯಾವುದು ಸಿಕ್ಕಿದೆಯೆಂಬುದನ್ನು ರೋಗಿಗೂ ವೈದ್ಯನಿಗೂ ತಿಳಿಸದಿರುವುದು, ಈ ಕಣ್ಣುಪಟ್ಟಿಯ ಮುಂದುವರಿಕೆಯೇ.

ಯಾವ ವಿಧಾನ ಯಾವ ಪ್ರಶ್ನೆಗೆ ಉತ್ತರಿಸಬಲ್ಲದು ಎಂಬುದನ್ನು ತಿಳಿದಿದ್ದರೆ ಮೋಸಹೋಗುವುದು ಕಡಿಮೆಯಾಗುತ್ತದೆ. ವ್ಯಕ್ತಿ ಅಧ್ಯಯನ ಹೊಸ ಊಹೆಯನ್ನು ಕೊಡುತ್ತದೆ, ಅದನ್ನು ಸಾಬೀತು ಮಾಡುವುದಿಲ್ಲ. ನಿದ್ರಾಹೀನತೆಗೂ ಖಿನ್ನತೆಗೂ ಸಹಸಂಬಂಧವಿದೆಯೆಂದರೆ ಮೊದಲನೆಯದು ಎರಡನೆಯದನ್ನು ತಂದಿರಬಹುದು, ಎರಡನೆಯದು ಮೊದಲನೆಯದನ್ನು ತಂದಿರಬಹುದು, ದೀರ್ಘಕಾಲದ ದೇಹನೋವಿನಂಥ ಮೂರನೆಯದೊಂದು ಎರಡನ್ನೂ ತಂದಿರಬಹುದು. ಯಾವುದು ಮೊದಲು ಬಂತೆಂದು ತಿಳಿಯಲು ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಬೇಕು. ಅವಳಿಗಳ ಅಧ್ಯಯನ ಅನುವಂಶೀಯತೆಯ ಪಾಲನ್ನು ಅಂದಾಜು ಮಾಡುತ್ತದೆ. ಚಿಕಿತ್ಸೆಯಿಂದಲೇ ಗುಣವಾಯಿತೇ ಎಂಬ ಪ್ರಶ್ನೆಗೆ, ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪು ಮಾಡಿದ ಪ್ರಯೋಗವೇ ಗಟ್ಟಿಯಾದ ಉತ್ತರ.

ಇಷ್ಟಾದ ಮೇಲೆ ಒಂದು ಸಂಶೋಧನಾ ಪ್ರಬಂಧವನ್ನು ಕೈಗೆತ್ತಿಕೊಳ್ಳಿ. ಸಾರಾಂಶವನ್ನು ಬದಿಗಿಟ್ಟು ವಿಧಾನದ ಭಾಗದಿಂದ ಓದಿ. ಭಾಗವಹಿಸಿದವರು ಯಾರು, ಅವರನ್ನು ಹೇಗೆ ಆರಿಸಿದರು, ಅವರಿಗೆ ರೋಗವಿದೆಯೆಂದು ನಿರ್ಧರಿಸಿದ್ದು ಸಂದರ್ಶನದಿಂದಲೋ ಬರೀ ಅಂಕದಿಂದಲೋ, ಹೋಲಿಕೆಯ ಗುಂಪಿಗೆ ಏನು ಕೊಟ್ಟರು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ಕೊನೆಗೆ, ಆರಂಭಿಸಿದವರ ಮತ್ತು ಮುಗಿಸಿದವರ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಇಡಿ. 120 ಜನರಲ್ಲಿ 45 ಮಂದಿ ನಡುವೆಯೇ ಬಿಟ್ಟುಹೋಗಿದ್ದರೆ, ಉಳಿದ 75 ಜನರ ಸುಧಾರಣೆಯ ಸರಾಸರಿ ಚಿಕಿತ್ಸೆಯನ್ನು ಸಹಿಸಿಕೊಂಡವರ ಸರಾಸರಿ ಮಾತ್ರ. ಆ 45 ಜನ ಏಕೆ ಬಿಟ್ಟರೆಂಬುದನ್ನು ಪ್ರಬಂಧದಲ್ಲಿ ಹುಡುಕಿ. ಸಿಗದಿದ್ದರೆ, ಸಿಗಲಿಲ್ಲವೆಂದೇ ಟಿಪ್ಪಣಿಯಲ್ಲಿ ಬರೆದಿಡಿ.