ಅಕ್ಕಿ ಮೂಟೆ, ಕೌದಿ, ಒಂದು ಮೊಬೈಲ್: ಶಾಲೆಯಲ್ಲೇ ಪಾಡ್‌ಕಾಸ್ಟ್ ಮಾಡುವ ಬಗೆ

ನಮ್ಮ ಶಾಲೆಯ ಸ್ಟುಡಿಯೊ ಎಂದರೆ ಬಿಸಿಯೂಟದ ಅಕ್ಕಿ ಇಡುವ ಕೋಣೆ. ನಗಬೇಡಿ. ಬೇರೆ ಎಲ್ಲ ಕಡೆ ರೆಕಾರ್ಡ್ ಮಾಡಿ ಸೋತ ಮೇಲೆ ಸಿಕ್ಕ ಜಾಗ ಇದು.

ನಾನು ಇಳಕಲ್ ಹತ್ತಿರದ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಕನ್ನಡ, ಸಮಾಜ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕಾಶವಾಣಿಯ ‘ಕೇಳಿ-ಕಲಿ’ ಪಾಠಕ್ಕೆ ರೇಡಿಯೊ ಹಚ್ಚಿ ಮಕ್ಕಳನ್ನು ಸುತ್ತ ಕೂರಿಸುತ್ತಿದ್ದೆವು. ಪಾಠ ಚೆನ್ನಾಗಿರುತ್ತಿತ್ತು. ಆದರೆ ಸೆಲ್ ಮುಗಿದರೆ ಆವತ್ತಿನ ಪಾಠವೂ ಮುಗಿಯಿತು. ಮತ್ತೆ ಕೇಳೋಣ ಅಂದರೆ ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ನನಗೆ ಕೊರೆಯುತ್ತಿದ್ದದ್ದು, ನಮ್ಮ ಮಕ್ಕಳು ಅದರಲ್ಲಿ ಬರೀ ಕೇಳುವವರು. ಮಾತಾಡುವವರು ಎಲ್ಲೋ ದೂರದವರು. ಈಗ ಜೇಬಿನಲ್ಲಿರುವ ಮೊಬೈಲ್‌ನಲ್ಲೇ ಪಾಡ್‌ಕಾಸ್ಟ್, ಅಂದರೆ ರೆಕಾರ್ಡ್ ಮಾಡಿಟ್ಟು ಬೇಕಾದಾಗ ಕೇಳುವ ಧ್ವನಿ ಕಾರ್ಯಕ್ರಮ, ಮಾಡಿದರೆ ಆ ಎರಡೂ ಕೊರತೆ ನೀಗುತ್ತವೆ. ಹೊಸದಾಗಿ ಶುರು ಮಾಡುವ ಶಿಕ್ಷಕರಿಗೆ ನಾನು ಎಡವಿದ ಕಡೆಗಳನ್ನು ಮೊದಲೇ ತೋರಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಉದ್ದ ಗೊತ್ತುಮಾಡಿಕೊಳ್ಳಿ. ನಾಲ್ಕು ನಿಮಿಷ ಸಾಕು. ನಮ್ಮ ಮೊದಲ ಕಂತು 19 ನಿಮಿಷ ಇತ್ತು. ಪಾಠದ ಗದ್ಯವನ್ನು ಇಡಿಯಾಗಿ ಓದಿಸಿದ್ದೆ. ಮಕ್ಕಳ ಮನೆಯಲ್ಲಿ ಬಿಡಿ, ನಾನೇ ಅದನ್ನು ಪೂರ್ತಿ ಕೇಳಲಿಲ್ಲ. ಈಗ ಒಂದು ಕಂತಿಗೆ ಒಂದೇ ವಿಷಯ: ಒಂದು ಗಾದೆ ಹುಟ್ಟಿದ ಸಂದರ್ಭ, ಊರಿನ ಬಾವಿಯ ಕಥೆ, ಒಬ್ಬರ ಜೊತೆ ಮಾತುಕತೆ. ಬರೆದುಕೊಂಡು ಓದುವುದಾದರೆ ನೋಟ್‌ಬುಕ್ಕಿನ ಎರಡು ಪುಟ ದಾಟಬಾರದು.

ಇನ್ನು ಜಾಗ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕಂದರೆ ಎಲ್ಲರೂ ಮೈಕಿಗೆ ದುಡ್ಡು ಹಾಕಿ ಜಾಗವನ್ನು ಮರೆಯುತ್ತಾರೆ. ತರಗತಿ ಕೋಣೆಯಲ್ಲಿ ಸಿಮೆಂಟ್ ಗೋಡೆ, ಕೆಳಗೆ ಕಲ್ಲುಹಾಸು. ದನಿ ಎಲ್ಲ ಕಡೆ ಬಡಿದು ವಾಪಸ್ ಬರುತ್ತದೆ. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋದಾಗ ಮಕ್ಕಳು ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ ತಟ್ಟಿ, ಅದು ಎಷ್ಟು ಸಲ ತಿರುಗಿ ಕೇಳುತ್ತದೆ ಅಂತ ಎಣಿಸಿದ್ದರು. ಅಲ್ಲಿ ಎದುರಿನ ಗೋಡೆ ಹೆಚ್ಚುಕಡಿಮೆ 38 ಮೀಟರ್ ದೂರ. ಗೋಡೆ 17 ಮೀಟರ್‌ಗಿಂತ ದೂರ ಇದ್ದರೆ ಹೋದ ದನಿ ಬೇರೆಯಾಗಿ ತಿರುಗಿ ಕೇಳುತ್ತದೆ. ನಮ್ಮ ಕೋಣೆ ಆರು ಮೀಟರ್. ತಿರುಗಿ ಬಂದ ದನಿ ಬೇರೆಯಾಗಿ ಕೇಳುವುದಿಲ್ಲ, ಮೂಲ ದನಿಗೇ ಮೆತ್ತಿಕೊಳ್ಳುತ್ತದೆ. ಅದಕ್ಕೇ ರೆಕಾರ್ಡಿಂಗ್ ಕೊಡದೊಳಗಿಂದ ಮಾತಾಡಿದ ಹಾಗಿರುತ್ತದೆ. ಇದನ್ನು ಹೇಳಿದ ದಿನ ವಿಜ್ಞಾನದ ಮಾಸ್ತರರು ‘ನನ್ನ ಪಾಠ ನೀವೇ ಮುಗಿಸಿದ್ರಿ ನೋಡ್ರಿ’ ಅಂದರು.

ದನಿ ಹೀರಲು ಮೆತ್ತಗಿನ ವಸ್ತು ಬೇಕು. ಅಕ್ಕಿ ಮೂಟೆಗಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ಮೂಲೆಯಲ್ಲಿ ಮೂಟೆಗಳ ನಡುವೆ ಮಗುವನ್ನು ಕೂರಿಸಿ, ಬೆನ್ನ ಹಿಂದೆ ಹಗ್ಗಕ್ಕೆ ಒಂದು ಕೌದಿ ಇಳಿಬಿಡುತ್ತೇವೆ. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ದಪ್ಪ ಕೌದಿಯೇ ಆಗಬೇಕು. ಬೆಡ್‌ಶೀಟ್ ತೆಳ್ಳಗೆ, ಅದರಿಂದ ಏನೂ ಆಗುವುದಿಲ್ಲ. ಅಡುಗೆಯವರ ಒಪ್ಪಿಗೆ ಮೊದಲೇ ಕೇಳಿ. ನಾವು ಕೇಳದೆ ಹೋಗಿ ಬೈಸಿಕೊಂಡಿದ್ದೇವೆ.

ಮೊಬೈಲ್‌ನಲ್ಲಿ ಇರುವ ರೆಕಾರ್ಡರೇ ಸಾಕು. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ ಹಿಡಿಯಿರಿ. ಎದುರಿಗೆ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿದು ‘ಪಟ್’ ಅನ್ನುತ್ತದೆ. ಏರೋಪ್ಲೇನ್ ಮೋಡ್ ಹಾಕಲೇಬೇಕು. ಒಮ್ಮೆ ಹಾಕಿರಲಿಲ್ಲ. ಬೆಳೆ ಬಗ್ಗೆ ಒಬ್ಬ ಹಿರಿಯರು 12 ನಿಮಿಷ ಮನಸ್ಸು ಬಿಚ್ಚಿ ಮಾತಾಡಿದರು. ನಡುವೆ ಯಾರದೋ ಕರೆ ಬಂತು, ನಾನು ಕಟ್ ಮಾಡಿದೆ. ರೆಕಾರ್ಡಿಂಗ್ 40 ಸೆಕೆಂಡಿಗೇ ನಿಂತುಹೋಗಿತ್ತು. ಮತ್ತೆ ಹೇಳಿ ಅಂದರೆ ಅವರು ಹೇಳಿದರು, ಆದರೆ ಅದೇ ಮಾತು ಬರಲಿಲ್ಲ.

ಸ್ವಲ್ಪ ದುಡ್ಡಿದ್ದರೆ ವೈರ್ ಇರುವ ಕಾಲರ್ ಮೈಕ್ ತಗೊಳ್ಳಿ. ನನ್ನದಕ್ಕೆ 350 ರೂಪಾಯಿ ಆಯಿತು. ಕೊಳ್ಳುವಾಗ ಪಿನ್ ನೋಡಿ. ಅದರ ಮೇಲೆ ಮೂರು ಗೆರೆ ಇದ್ದರೆ ಮೊಬೈಲ್‌ಗೆ ಆಗುತ್ತದೆ, ಎರಡೇ ಇದ್ದರೆ ಅದು ಕ್ಯಾಮೆರಾಕ್ಕೆ ಮಾಡಿದ್ದು. ನಾನು ಮೊದಲು ತಂದದ್ದು ಎರಡು ಗೆರೆಯದು. ಒಂದು ವಾರ ಮೊಬೈಲ್ ಕೆಟ್ಟಿದೆ ಅಂದುಕೊಂಡಿದ್ದೆ. ಹೊಸ ಮೊಬೈಲ್‌ಗಳಲ್ಲಿ ದುಂಡು ತೂತೇ ಇರುವುದಿಲ್ಲ, ಅದಕ್ಕೆ ಟೈಪ್-ಸಿ ಮೈಕ್ ಬೇಕು.

ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಯಾರೂ ಮಾತಾಡಬಾರದು. ಆ ಮೌನ ಆಮೇಲೆ ಕೆಲಸಕ್ಕೆ ಬರುತ್ತದೆ. ಮಗು ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ ಅದೇ ವಾಕ್ಯ ಮೊದಲಿಂದ ಓದಲಿ. ಕಂಪ್ಯೂಟರಿನಲ್ಲಿ ಚಪ್ಪಾಳೆ ಉದ್ದ ಮುಳ್ಳಿನ ಹಾಗೆ ಕಾಣುತ್ತದೆ, ಕತ್ತರಿಸುವ ಜಾಗ ಹುಡುಕಬೇಕಿಲ್ಲ. ಇದರಿಂದ ಇನ್ನೊಂದು ಲಾಭ ಆಯಿತು. ತಪ್ಪಿದರೆ ಬೈಗುಳ ಇಲ್ಲ, ಬರೀ ಚಪ್ಪಾಳೆ. ತರಗತಿಯಲ್ಲಿ ಎದ್ದು ಓದಲು ಒಲ್ಲೆ ಅನ್ನುತ್ತಿದ್ದ ಹುಡುಗನೊಬ್ಬ ಒಂದು ಪ್ಯಾರಾಕ್ಕೆ 11 ಚಪ್ಪಾಳೆ ತಟ್ಟಿ ಮುಗಿಸಿದ. ‘ಅಕ್ಕಾರ, ಇನ್ನೊಮ್ಮೆ ಓದ್ತೀನ್ರಿ’ ಅಂತ ಅವನೇ ಕೇಳಿದ. ಎರಡನೇ ಸಲ ಮೂರು ಚಪ್ಪಾಳೆ. ನಾನು ಅಂಕ ಕೊಡುವುದಕ್ಕಿಂತ ಈ ಲೆಕ್ಕ ನನಗೆ ಇಷ್ಟ.

ಸಂದರ್ಶನಕ್ಕೆ ಹೋಗುವ ಮುಂಚೆ ಪ್ರಶ್ನೆ ತಿದ್ದಿಸಿ. 7ನೇ ತರಗತಿಯ ಹುಡುಗಿಯೊಬ್ಬಳ ಆಯಿ, ಅಂದರೆ ಅಜ್ಜಿ, ಕೈಮಗ್ಗದಲ್ಲಿ ಇಳಕಲ್ ಸೀರೆ ನೇಯುತ್ತಾರೆ. ಹುಡುಗಿ ಬರೆದುಕೊಂಡು ಹೋದ ಮೊದಲ ಪ್ರಶ್ನೆ, ‘ನೀವು ಸೀರಿ ನೇಯ್ತೀರೇನ್ರಿ?’ ಆಯಿ ‘ಹೂಂ’ ಅಂದರು. ‘ಕಷ್ಟ ಐತೇನ್ರಿ?’ ಅದಕ್ಕೂ ‘ಹೂಂ.’ ಆಮೇಲೆ, ‘ಏನ ಕೇಳ್ತೀಯವ್ವ, ದಿನಾ ನೋಡ್ತಿ ಅಲ್ಲ?’ ಅಲ್ಲಿಗೆ ಸಂದರ್ಶನ ಮುಗಿಯಿತು. ಮರುದಿನ ಕೂತು ‘ಹೆಂಗ’, ‘ಮೊದಲ ಸಲ’, ‘ತಪ್ಪಿದ್ರ’ ಅನ್ನುವ ಮಾತಿರುವ ಪ್ರಶ್ನೆ ಮಾಡಿಸಿದೆ. ‘ಕೊಂಡಿ ಹಾಕುವಾಗ ತಪ್ಪಿದ್ರ ಏನ ಆಕ್ಕೈತಿ?’ ಅಂತ ಕೇಳಿದ್ದೇ ತಡ, ಆಯಿ ನಾಲ್ಕು ನಿಮಿಷ ನಿಲ್ಲಲಿಲ್ಲ. ಒಡಲಿನ ಹಾಸಿನ (ಉದ್ದಕ್ಕೆ ಹೋಗುವ) ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುವುದು ಇಳಕಲ್ ಸೀರೆಯ ಗುರುತು. ಅದನ್ನು ಅಷ್ಟು ಚಂದ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಆಯಿಯ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಕೇ ಅಂತ ಶಾಲೆಯಲ್ಲಿ ಚರ್ಚೆ ಆಯಿತು. ನಾನು ಬೇಡ ಅಂದೆ. ಪಾಠ ಓದುವಾಗ ಪುಸ್ತಕದ ಕನ್ನಡ, ಮಾತುಕತೆಯಲ್ಲಿ ಮನೆಯ ಕನ್ನಡ. ಮಕ್ಕಳಿಗೆ ಎರಡೂ ಬರುತ್ತದೆ, ಗೊಂದಲ ಇರುವುದು ನಮಗೆ ಅಷ್ಟೆ. ಮಗ್ಗದ ಖಟ್-ಖಟ್ ಸದ್ದೂ ಹಿಂದೆ ಬಂದಿತ್ತು. ಮೊದಲು ಅಳಿಸಲು ಹೋದೆ, ಆಮೇಲೆ ಲಾಳಿ ಓಡುವ ಆರು ಸೆಕೆಂಡಿನ ಸದ್ದನ್ನೇ ಪ್ರತಿ ಕಂತಿನ ಶುರುವಿಗೆ ಇಟ್ಟೆವು. ಸಿನಿಮಾ ಹಾಡು ಹಾಕಬೇಡಿ. ಅದರ ಹಕ್ಕು ಬೇರೆಯವರದು.

ಎಡಿಟಿಂಗ್‌ಗೆ ಶಾಲೆಯ ಹಳೆ ಕಂಪ್ಯೂಟರಿನಲ್ಲಿ ಆಡಾಸಿಟಿ ಇದೆ. ಉಚಿತ ತಂತ್ರಾಂಶ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮೊದಲು ಆ ಹತ್ತು ಸೆಕೆಂಡಿನ ಮೌನವನ್ನು ಆಯ್ದು, ಎಫೆಕ್ಟ್ ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ತೆರೆದು, ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಫ್ಯಾನಿನ ಗುಂಯ್ ಸದ್ದು ಹೇಗಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಇಡೀ ರೆಕಾರ್ಡಿಂಗ್ ಆಯ್ದು ಅದೇ ಎಫೆಕ್ಟ್ ಮತ್ತೆ ತೆರೆದು ಓಕೆ. ಆಸೆಬಿದ್ದು ಜಾಸ್ತಿ ಮಾಡಿದರೆ ಮಗು ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ. ಚಪ್ಪಾಳೆ ಇರುವ ಕಡೆ ಕತ್ತರಿಸಿ. ಉಸಿರು, ಸಣ್ಣ ತಡವರಿಕೆ ಇರಲಿ ಬಿಡಿ.

ಕೊನೆಗೆ ಮೊನೊ, ಎಂಪಿ3, 64 ಕೆಬಿಪಿಎಸ್ ಎಂದು ಆರಿಸಿ ಎಕ್ಸ್‌ಪೋರ್ಟ್ ಮಾಡಿ. ನಿಮಿಷಕ್ಕೆ ಅರ್ಧ ಎಂಬಿಗಿಂತ ಕಡಿಮೆ, ನಾಲ್ಕು ನಿಮಿಷಕ್ಕೆ ಎರಡು ಎಂಬಿ. ವೇವ್ ಫೈಲ್ ಆಗಿಯೇ ಕಳಿಸಿದರೆ ಅದೇ ಕಂತು 20 ಎಂಬಿ ದಾಟುತ್ತದೆ. ಡೇಟಾ ಪ್ಯಾಕ್ ಎಣಿಸಿ ಬಳಸುವ ಮನೆಗಳಿಗೆ ಇದು ದೊಡ್ಡ ವ್ಯತ್ಯಾಸ.

ನಿಜವಾದ ಅರ್ಥದಲ್ಲಿ ನಮ್ಮದು ಪಾಡ್‌ಕಾಸ್ಟೇ ಅಲ್ಲ. ಯಾವ ಆ್ಯಪ್‌ನಲ್ಲೂ ಹಾಕಿಲ್ಲ. ತರಗತಿಯ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತೇವೆ, ಅಷ್ಟೇ. ಬೇಕೆಂದೇ ಹಾಗೆ ಇಟ್ಟಿದ್ದೇವೆ. ಮಕ್ಕಳ ದನಿ ಊರೆಲ್ಲ ಓಡಾಡುವುದು ಬೇಡ. ವರ್ಷದ ಶುರುವಿನಲ್ಲಿ ಪಾಲಕರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳುತ್ತೇವೆ. ಕಂತಿನಲ್ಲಿ ಮಗುವಿನ ಪೂರ್ತಿ ಹೆಸರು, ಮನೆ, ಓಣಿ ಹೇಳಿಸುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳಿಗಾಗಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಬ್ಲೂಟೂತ್ ಸ್ಪೀಕರ್‌ನಲ್ಲಿ ಹಚ್ಚುತ್ತೇವೆ. ಆಯಿಯ ಕಂತು ಹಚ್ಚಿದ ಶನಿವಾರ ಕಂಪೌಂಡಿನ ಹೊರಗೆ ನಾಲ್ಕೈದು ಹೆಂಗಸರು ನಿಂತು ಕೇಳುತ್ತಿದ್ದರು.

ಒಂದು ಸಣ್ಣ ವಿಷಯ ಉಳಿಯಿತು. ಫೈಲ್‌ಗೆ ಆವತ್ತೇ ಹೆಸರಿಡಿ: ತಾರೀಖು, ತರಗತಿ, ವಿಷಯ. ಮೊಬೈಲ್ ತಾನಾಗಿಯೇ ‘ರೆಕಾರ್ಡಿಂಗ್ 46’, ‘ರೆಕಾರ್ಡಿಂಗ್ 47’ ಅಂತ ಇಡುತ್ತಾ ಹೋಗುತ್ತದೆ. ಆ 40 ಸೆಕೆಂಡಿನ ತುಣುಕು ಅಂಥದೇ ಹೆಸರಲ್ಲಿ ಎಲ್ಲೋ ಇದೆ. ಬಿಡುವಾದಾಗಲೆಲ್ಲ ಒಂದೊಂದೇ ತೆರೆದು ಹುಡುಕುತ್ತಿದ್ದೇನೆ.